ಮದೀನಾಬಿಯ ಬಾಯಿಬಿಡದ ಫೋನು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ತಿಕೋಟಾದ ಮದೀನಾಬಿ ಮೂವತ್ತು ವರ್ಷ ಸಂಬಂಧ ಕೂಡಿಸಿದ್ದು ಸುಳ್ಳು ಹೇಳಿ ಅಲ್ಲ, ಬಾಯಿ ಮುಚ್ಚಿಕೊಂಡು. ಯಾವ ಹುಡುಗಿಯನ್ನು ಯಾರು ಬೇಡವೆಂದರು ಎಂಬುದು ಅವಳ ಹೊಟ್ಟೆಗೆ ಹೋದರೆ ಮುಗಿಯಿತು. ಮೊದಲೆಲ್ಲ ಹುಡುಗಿಯರ ಫೋಟೋಗಳನ್ನು ಕರವಸ್ತ್ರದಲ್ಲಿ ಸುತ್ತಿ ಒಯ್ದು, ತೋರಿಸಿ, ಎಣಿಸಿ ವಾಪಸ್ ತರುತ್ತಿದ್ದಳು. ಆಮೇಲೆ ಫೋನು ಬಂತು. ಬಾಯಿಲ್ಲದ ವಸ್ತು ಎಂದು ನಂಬಿ, ಪ್ರತಿ ಫೋಟೋದ ಮೇಲೂ ನೆನಪಿಗೆಂದು ಬೆರಳಿನಿಂದ ಗೀಚಿಡತೊಡಗಿದಳು: ನಿಡೋಣಿಯವರು ಬ್ಯಾಡಂದ್ರು, ಅಥಣಿಯವರು ಬ್ಯಾಡಂದ್ರು.

ಮನೆಗೆ ಹೊಸ ಟಿವಿ ಬಂದಾಗ ಮಗ ಜಾಹೀದ ಅದಕ್ಕೆ ತಾಯಿಯ ಫೋನಿನ ಖಾತೆಯನ್ನೇ ಜೋಡಿಸಿದ. ಮರುವಾರ ಬಬಲೇಶ್ವರದಿಂದ ವರನ ಕಡೆಯವರು ಬಂದರು. ವಿಜಯಪುರದ ತಬಸ್ಸುಮಳ ಜೊತೆ ಸಂಬಂಧ ಹೆಚ್ಚುಕಡಿಮೆ ಕುದುರಿತ್ತು. ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಸುಮ್ಮನಿದ್ದ ಟಿವಿ ತಾನಾಗಿಯೇ ಅವಳ ಫೋನಿನ ಫೋಟೋ ತೋರಿಸತೊಡಗಿತು. ಒಂದಾದ ಮೇಲೊಂದು ಹುಡುಗಿ, ಮೇಲೆ ಆ ಗೀಚು. ಮೂರನೆಯವಳೇ ತಬಸ್ಸುಮ, ಅವಳ ಮೇಲೆ ಬ್ಯಾಡಂದ ಎರಡು ಊರಿನ ಹೆಸರು.

"ಇಬ್ಬರು ಬಿಟ್ಟದ್ದನ್ನ ನಮಗ ತಂದೀರೇನು?" ಎಂದಳು ವರನ ಸೋದರತ್ತೆ. ಬಟ್ಟಲು ಕೆಳಗಿಟ್ಟು ಎದ್ದೇಬಿಟ್ಟರು. ಸಂಜೆಯೊಳಗೆ ಸುದ್ದಿ ತಬಸ್ಸುಮಳಿಗೆ ಮುಟ್ಟಿತ್ತು.

ಮದೀನಾಬಿಗೆ ಕೂತಲ್ಲಿ ಕೂರಲಾಗಲಿಲ್ಲ. ಟಿವಿಯ ವೈರು ಕಿತ್ತಳು. ಫೋನನ್ನು ಹಿಟ್ಟಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು, ಮತ್ತೆ ತೆಗೆದಳು. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ತಿರುಗಿ ಬಂದಳು. ಮೂರನೆಯ ಸಲ ವಿಜಯಪುರದ ಅಥಣಿ ರಸ್ತೆಯಲ್ಲಿ ಫೋನು ರಿಪೇರಿ ಮಾಡುವ ನದೀಮನ ಅಂಗಡಿಗೆ ಹೋಗಿ, ಬಾಯಿಬಿಡದ ಫೋನು ಬೇಕು ಎಂದಳು.

ನದೀಮ ನಗಲಿಲ್ಲ. ಟಿವಿಗೆ ಹೋಗಿದ್ದ ಫೋಟೋಗಳನ್ನು ಮೊದಲು ಖಾತೆಯಿಂದಲೇ ಅಳಿಸಿದ. ಫೋನನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮನ್ನೇ ತೆಗೆದು ಬೇರೆಯದನ್ನು ಹಾಕಬಹುದೆಂದ. ಎರಡು ಥರದ್ದಿವೆಯಂತೆ. ಒಂದು ಈಗಿನ ಫೋನಿಗೇ ಕೂರುತ್ತದೆ, ಅನುಕೂಲಗಳೂ ಬಹಳಷ್ಟು ಉಳಿಯುತ್ತವೆ, ಫೋಟೋ ಒಯ್ದ ಹಳೆಯ ಕಂಪನಿಯ ನಂಟೂ ಸ್ವಲ್ಪ ಉಳಿಯುತ್ತದೆ. ಇನ್ನೊಂದಕ್ಕೆ ಬೇರೆ ಫೋನೇ ಬೇಕು. ಬ್ಯಾಂಕಿನ ಆ್ಯಪ್ ನಡೆಯುವ ಭರವಸೆ ಇಲ್ಲ, ಮಾತಾಡಿದ್ದನ್ನು ತಾನೇ ಬರೆದುಕೊಳ್ಳುವ ಸೌಕರ್ಯವೂ ಸಿಗಲಿಕ್ಕಿಲ್ಲ. ಮದೀನಾಬಿ ಎದ್ದಳು, ಕೂತಳು, ಕೇಳಿದ್ದು ಒಂದೇ: ತಾನು ಒತ್ತದೆ ಫೋಟೋ ಹೊರಗೆ ಹೋಗದಿರುವುದು ಯಾವುದರಲ್ಲಿ? ಮೊದಲನೆಯದಕ್ಕೆ ಆಣೆ ಮಾಡಲಾರೆ ಎಂದ ನದೀಮ. ಬೇರೆ ಫೋನು ಕೊಂಡು ಎರಡನೆಯದನ್ನೇ ಹಾಕಿಸಿದಳು.

"ನಿಮ್ಮ ಫೋನಿನ ಬಾಯಿ ನಾ ಮುಚ್ಚತೇನ್ರಿ ಖಾಲಾ," ಎಂದ ನದೀಮ. "ನೀವು ಕಳಿಸಿದ ಮ್ಯಾಲ ಮಂದಿ ಫೋನು ನನ್ನ ಕೈಯಾಗಿಲ್ಲ."

ಆ ಮಾತು ಮುಳ್ಳಿನಂತೆ ಉಳಿಯಿತು.

ತಿಂಗಳ ಮೇಲೆ ಅರಕೇರಿಯಲ್ಲಿ ತಬಸ್ಸುಮಳಿಗೆ ಹೊಂದುವ ಒಬ್ಬ ವರನ ಮನೆ ಗೊತ್ತಾಯಿತು. ತಬಸ್ಸುಮಳ ತಾಯಿ ಅಂಜುಮ, ಮದೀನಾಬಿಯನ್ನು ಹೊಸ್ತಿಲಾಚೆಯೇ ನಿಲ್ಲಿಸಿ ಹೊಸ ಫೋನಿಗೆ ಮಗಳ ಫೋಟೋ ಕಳಿಸಿದಳು. ತಬಸ್ಸುಮ ಹೊರಗೆ ಬರಲೇ ಇಲ್ಲ.

ಅರಕೇರಿಯವರು ವಾಟ್ಸ್ಆ್ಯಪ್‌ಗೆ ಹಾಕಿ ಎಂದರು. ಮದೀನಾಬಿ ತನ್ನ ಕೈಯಲ್ಲೇ ನೋಡಿ ಎಂದಳು. ನೋಡಿದರು, ಹುಡುಗಿ ಹಿಡಿಸಿದಳು. ಅಷ್ಟರಲ್ಲಿ ವರನ ಅಕ್ಕ, ತೆರೆಯ ಮೇಲಿನ ಫೋಟೋ ಹೊಡೆದುಕೊಳ್ಳಲು ತನ್ನ ಫೋನು ಎತ್ತಿದಳು. ಮದೀನಾಬಿಯ ಅಂಗೈ ತೆರೆಯನ್ನು ಮುಚ್ಚಿತು. ಇಷ್ಟು ಗುಟ್ಟಿನ ಹುಡುಗಿ ತಮಗೆ ಬೇಡ ಎಂದರು ಮನೆಯವರು.

ಬಸ್ಸಿನ ದಾರಿಯುದ್ದಕ್ಕೂ ಅವಳಿಗೆ ಒಂದೇ ತಳಮಳ. ಕಾಯ್ದದ್ದು ಹುಡುಗಿಯನ್ನೋ, ತನ್ನ ಹೆಸರನ್ನೋ? ತಿಕೋಟಾಕ್ಕೆ ಹೋಗದೆ ನೇರ ತಬಸ್ಸುಮಳ ಬಾಗಿಲಿಗೆ ಹೋಗಿ ನಿಂತಳು. ಈ ಸಲ ತಬಸ್ಸುಮಳೇ ಬಾಗಿಲು ತೆರೆದಳು. ಮದೀನಾಬಿ ನಡೆದದ್ದನ್ನೆಲ್ಲ ಹೇಳಿದಳು, ಕೈ ಅಡ್ಡ ಇಟ್ಟದ್ದನ್ನೂ.

"ಫೋಟೋ ಅವರ ಫೋನಿನ್ಯಾಗ ಉಳದೈತೇನ್ರಿ?"

"ಇಲ್ಲ."

ತಬಸ್ಸುಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಒಳಗ ಬರ್ರಿ ಖಾಲಾ."