ಜತೆಗೆ ಕೂತವರು ಯಾರು

ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ, ಹೈದರಾಬಾದಿನ ಬಾಲಾನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ನಡೆಸಿದವರು. ತಿಂಗಳಿಗೊಂದು ಶನಿವಾರ ಕಪ್ಪು ಸೂಟು ಹಾಕಿ, ಏಪ್ರನ್ನಿನ ಪೆಟ್ಟಿಗೆ ಹಿಡಿದು ಮೇಸನ್ನರ ಲಾಡ್ಜಿಗೆ, ಅಂದರೆ ಫ್ರೀಮೇಸನ್ ಎಂಬ ಹಳೆಯ ಸೋದರ ಸಂಘದ ಸಭೆಗೆ, ಹೊರಡುತ್ತಾರೆ. ಮನೆಯಲ್ಲಿ ಒಂದು ದಿನವೂ ಏಪ್ರನ್ ಕಟ್ಟದ ಗಂಡಸು ಅಲ್ಲಿ ಹೋಗಿ ಅದನ್ನೇ ಕಟ್ಟಿಕೊಳ್ಳುತ್ತಾನೆ ಎಂದು ಮಾಮಿಯ ಗೇಲಿ. ಎರಡು ವರ್ಷದ ಹಿಂದೆ ನನ್ನನ್ನೂ ಸೇರಿಸಿದರು. ನಾಚಾರಂನ ಕಾರ್ಖಾನೆಯೊಂದರಲ್ಲಿ ದಿನವಿಡೀ ಗೇಜು ಹಿಡಿದು ಬೇರೆಯವರ ಅಳತೆ ತಪ್ಪೆಂದು ಹೇಳುವ ಕೆಲಸ ನನ್ನದು. ಸಂಜೆ ಅದನ್ನೇ ಬಾಯಲ್ಲಿ ಮಾಡುತ್ತೇನೆ. ನಮ್ಮ ಲಾಡ್ಜಿನ ಸೆಕ್ರೆಟರಿ ಸಾಹೇಬರ ಕೆಮ್ಮು, ಮಾಮಾನ ಗೊರಕೆ, ಸಂಬಳ ಕೇಳಲು ಹೋದ ನನ್ನದೇ ಕೀರಲು ದನಿ, ಎಲ್ಲವನ್ನೂ ಮಾಡಿ ತೋರಿಸುತ್ತೇನೆ.

ಲಾಡ್ಜಿನ ಊಟದ ಮೇಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ತರುತ್ತಿದ್ದದ್ದು ಮುಂಬಯಿ ಅಜ್ಜಾರ ನಕಲು. ಧಾರವಾಡದ ಕಡೆಯವರು, ಎಂಬತ್ತರ ಹತ್ತಿರದವರು. ಮಾಮಾ ಹುಡುಗನಾಗಿ ಮುಂಬಯಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಅವರನ್ನು ಮೇಸನ್ ಮಾಡಿದವರು, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಪಾಠ ಹೇಳಿಸಿದವರು. ಅವರ ಮುಂಬಯಿ ಲಾಡ್ಜು ಸ್ಕಾಟ್ಲೆಂಡಿನ ಗ್ರ್ಯಾಂಡ್ ಲಾಡ್ಜು ಎಂಬ ಮೇಲಿನ ಸಂಸ್ಥೆ ಕೊಟ್ಟ ಸನ್ನದಿನದು, ಅಂದರೆ ಪರವಾನಗಿಯದು; ಹೈದರಾಬಾದಿನ ನಮ್ಮದು ಭಾರತದ್ದೇ ಸನ್ನದಿನದು. ಅಜ್ಜಾರು ಎದ್ದು ತಮ್ಮ ಲಾಡ್ಜಿನ ಪರವಾಗಿ ಶುಭಾಶಯ ಹೇಳುವಾಗ ಎಡಗೈ ಬೆನ್ನಿಗೆ ಕಟ್ಟಿ, ಮೂಗಿನಲ್ಲಿ ಒಂದು ‘ಹ್ಞೂಂ’ ಎಳೆದು, ಸ್ಕಾಟ್ಲೆಂಡ್ ಎಂಬಲ್ಲಿ ಹುಬ್ಬೇರಿಸುವುದನ್ನು ನಾನು ಮಾಡಿ ತೋರಿಸಿದರೆ ತಟ್ಟೆಗಳು ಅಲುಗುತ್ತಿದ್ದವು. ಕಳೆದ ವರ್ಷ ಮುಂಬಯಿಗೆ ಕೆಲಸದ ಮೇಲೆ ಹೋದಾಗ ಅವರ ಲಾಡ್ಜಿನಲ್ಲಿ ಜತೆಗೇ ಕೂತು ನೋಡಿ ಬಂದೆ ಎಂದು ಎಲ್ಲರಿಗೂ ಹೇಳಿದ್ದೆ.

ನಾನು ಹೋಗಿರಲಿಲ್ಲ. ಕೆಲಸ ಬೇಗ ಮುಗಿದಿತ್ತು, ಆದರೆ ಸಮುದ್ರದ ಗಾಳಿ ಚೆನ್ನಾಗಿತ್ತು, ವಡಾಪಾವು ಬಿಸಿಯಿತ್ತು. ನನ್ನ ನಕಲೆಲ್ಲ ಮಾಮಾ ಮನೆಯಲ್ಲಿ ಮಾಡಿ ತೋರಿಸಿದ್ದರ ನಕಲು.

ಈ ವರ್ಷ ಮಾಮಾ ನಮ್ಮ ಲಾಡ್ಜಿನ ಮಾಸ್ಟರ್, ಅಂದರೆ ಅಧ್ಯಕ್ಷ, ಆಗಿ ಆಯ್ಕೆಯಾದರು. ಕುರ್ಚಿಯಲ್ಲಿ ಕೂರಿಸುವ ದಿನ ಅಜ್ಜಾರು ಎದುರಿಗಿರಬೇಕು, ಅದೊಂದೇ ಅವರ ಆಸೆ. ಅಜ್ಜಾರಿಗೂ ಅದೇ. ಇನ್ನೊಂದು ಪ್ರಯಾಣಕ್ಕೆ ಮೊಣಕಾಲು ಒಪ್ಪುವುದಿಲ್ಲ ಎಂದು ಮೊದಲೇ ಹೇಳಿದ್ದರು. ಬೇರೆ ಸನ್ನದಿನವರು ಬಂದರೆ ತಮ್ಮ ಪ್ರಮಾಣಪತ್ರದ ಜತೆಗೆ, ಈ ವರ್ಷವೂ ತಾವು ಸರಿಯಾದ ಸದಸ್ಯರು ಎಂಬ ಕಾಗದ ಬೇಕು; ಇಲ್ಲವೇ ಈಚೆಗೆ ಅವರ ಜತೆ ಲಾಡ್ಜಿನಲ್ಲಿ ಕೂತ ನಮ್ಮವನೊಬ್ಬ ಅವರ ಪರವಾಗಿ ಮಾತು ಕೊಡಬೇಕು. ಆ ಕಾಗದವನ್ನು ಲಾಡ್ಜು ಲಾಡ್ಜಿಗೆ ನೇರ ಕೇಳುವಂತಿಲ್ಲ. ನಾವು ನಮ್ಮ ಗ್ರ್ಯಾಂಡ್ ಲಾಡ್ಜಿಗೆ ಬರೆಯಬೇಕು, ಅವರು ಆ ಕಡೆಯ ಗ್ರ್ಯಾಂಡ್ ಲಾಡ್ಜಿಗೆ, ಅಲ್ಲಿಂದ ಕೆಳಗಿಳಿದು ಅಜ್ಜಾರ ಲಾಡ್ಜಿಗೆ. ಉತ್ತರವೂ ಹಾಗೇ ಹತ್ತಿ ಇಳಿದು ಬರಬೇಕು. ಹುಡುಗನೂ ಹುಡುಗಿಯೂ ಒಂದೇ ಓಣಿಯವರಾದರೂ ಮಾತುಕತೆ ಹಿರಿಯರ ಮೂಲಕವೇ ನಡೆಯುವ ಹಳೆಯ ಸಂಬಂಧದಂತೆ.

ಪತ್ರದ ಕೆಲಸ ನನಗೆ ಬಿತ್ತು. ಇಷ್ಟು ಸುತ್ತು ಯಾಕೆಂದು ಮುಂಬಯಿ ಲಾಡ್ಜಿಗೇ ಮೇಲ್ ಹಾಕಿ, ಜಾಣ ನಾನೊಬ್ಬನೇ ಎಂದುಕೊಂಡೆ. ಉತ್ತರ ಬರಲಿಲ್ಲ. ನೇರ ಬಂದ ಪತ್ರಕ್ಕೆ ಉತ್ತರ ಕೊಡದಿರುವುದೇ ಅವರ ಮರ್ಯಾದೆ ಎಂದು ನನಗೆ ಯಾರು ಹೇಳಬೇಕಿತ್ತು? ಮಾಮಾ ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ಮಾಮಾನನ್ನು ಕುರ್ಚಿಯಲ್ಲಿ ಕೂರಿಸುವ ಶನಿವಾರ ಮಧ್ಯಾಹ್ನ ಅಜ್ಜಾರು ಕೋಲೂರಿಕೊಂಡು ಲಾಡ್ಜಿನ ಮೆಟ್ಟಿಲು ಹತ್ತಿ ಬಂದರು. ಹಳದಿಗಟ್ಟಿದ ಪ್ರಮಾಣಪತ್ರ ಕೈಯಲ್ಲಿತ್ತು. ಈ ವರ್ಷದ ಕಾಗದ ನಮ್ಮ ಕಡೆಯಿಂದ ತರಿಸಿರುತ್ತಾರೆಂದು ನಂಬಿ ಬಂದಿದ್ದರು. ಸೆಕ್ರೆಟರಿ ಸಾಹೇಬರು ಬೀದರಿನ ವ್ಯಾಪಾರಿ. ಫೈಲು ಎರಡು ಸಲ ತಿರುವಿದರು, ಕೆಮ್ಮಿದರು. ಮಾಮಾ ಜತೆಗೆ ಕೂತದ್ದು ಮೂವತ್ತೈದು ವರ್ಷದ ಹಿಂದಿನ ಮಾತು, ಅದು ಈಗ ನಡೆಯದು ಎಂದರು. ಆಮೇಲೆ ಮುಖ ಅರಳಿಸಿ ನನ್ನ ಕಡೆ ತಿರುಗಿದರು.

“ಅರೆ, ನೀ ಹೋದ ವರ್ಷ ಇವರ ಜೋಡಿ ಕುಂತು ಬಂದೀಯಲ್ಲೋ. ಕುಂತೀನಿ ಅಂತ ಒಂದು ಮಾತು ಹೇಳು, ಹಳೇ ಮಾಸ್ಟರಿಗೆ ಹೇಳಿ ಒಳಗ ಬಿಡಸ್ತೀನಿ.”

ಅಜ್ಜಾರು ನನ್ನನ್ನು ನೋಡಿದರು. ನಾನು ಹೋಗಿಲ್ಲವೆಂದು ಅವರಿಗೆ ಗೊತ್ತು. ಹೋದ ವರ್ಷ ಮುಂಬಯಿಯಲ್ಲಿ ನಾನು ಬರುತ್ತೇನೆಂದು ಕುರ್ಚಿ ಹಾಕಿಸಿ ಕಾದವರು ಅವರೇ. ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು ಅಷ್ಟೇ. ಬಾಗಿಲಲ್ಲಿ ಮಾಮಾ ನಿಂತಿದ್ದರು, ಹೊಸ ಬಿಳಿ ಕೈಗವಸು ಹಾಕಿಕೊಂಡು. ಹೂಂ ಎಂದರೆ ಮುಗಿಯಿತು. ಮೇಸನ್ನರಲ್ಲಿ ಆ ಒಂದು ಮಾತಿಗೆ ಎಷ್ಟು ಬೆಲೆಯೆಂದರೆ, ಬೇರೆಯವರಿಂದ ಕೇಳಿದ್ದನ್ನು ಹೇಳುವಂತಿಲ್ಲ, ಜತೆಗೆ ಕೂತವನೇ ಹೇಳಬೇಕು. ನನ್ನ ಬಾಯಿಗೆ ಆ ಹೊತ್ತು ಯಾರ ದನಿಯೂ ಬರಲಿಲ್ಲ.

“ನಾ ಕುಂತಿಲ್ರಿ,” ಎಂದೆ. “ಹೋಗೇ ಇಲ್ಲ. ಪತ್ರಾನೂ ಅಡ್ಡದಾರಿ ಹಿಡದು ನಾನ ಹಾಕಿದ್ದು.”

ಸೆಕ್ರೆಟರಿ ಸಾಹೇಬರು ಕೆಮ್ಮುವುದನ್ನೂ ಮರೆತರು. ಮಾಮಾ ನಿಧಾನವಾಗಿ ಕೈಗವಸು ಕಳಚಿದರು. ಅಜ್ಜಾರು ಒಳಗೆ ಬರುವವರೆಗೆ ತಾವು ಕುರ್ಚಿ ಹತ್ತುವುದಿಲ್ಲ ಎಂದು ಹಳೆಯ ಮಾಸ್ಟರಿಗೆ ಮೆಲ್ಲಗೆ ತಿಳಿಸಿದರು. ಅವರು ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಹೇಳಿದರು. ನನಗೆ ಮಾತ್ರ ಮಾಮಾ ಫೋನಿನ ಕಡೆ ಬೆರಳು ತೋರಿಸಿದರು.

ಮುಂಬಯಿ ಲಾಡ್ಜಿನ ಸೆಕ್ರೆಟರಿಯ ನಂಬರು ಅಜ್ಜಾರ ಜೇಬಿನಲ್ಲೇ ಇತ್ತು. ಯಾರೂ ಕೇಳಲಿಲ್ಲ, ಅಜ್ಜಾರೂ ತೆಗೆಯಲಿಲ್ಲ. ನಾನು ನಮ್ಮ ಗ್ರ್ಯಾಂಡ್ ಲಾಡ್ಜಿನ ಕಚೇರಿಯವರಿಗೆ ಫೋನ್ ಮಾಡಿ, ನನ್ನ ಸ್ವಂತ ದನಿಯಲ್ಲಿ, ತಪ್ಪು ಒಪ್ಪಿಕೊಂಡೆ. ಅವರು ಆ ಕಡೆಯವರಿಗೆ ಮಾಡಿದರು, ಆ ಕಡೆಯವರು ಮುಂಬಯಿಗೆ. ಮುಂಬಯಿಯ ಸೆಕ್ರೆಟರಿ ಮೊಮ್ಮಗಳ ಹುಟ್ಟುಹಬ್ಬದಿಂದ ಎದ್ದು ಹೋಗಿ ಕಪಾಟು ತೆಗೆಸಿದರಂತೆ. ಕಾಗದದ ಫೋಟೋ ಅದೇ ಮೆಟ್ಟಿಲು ಹತ್ತಿ, ಇಳಿದು, ಒಂದು ತಾಸಿನ ಮೇಲೆ ಸೆಕ್ರೆಟರಿ ಸಾಹೇಬರ ವಾಟ್ಸಾಪಿಗೆ ಬಿತ್ತು. ಆ ತಾಸಿನಲ್ಲಿ ಅಜ್ಜಾರು ಮೂರು ಚಹಾ ಕುಡಿದರು. ಮೂರನೆಯದರಲ್ಲಿ ಅರ್ಧ ಬಸಿಯಲ್ಲಿ ಸುರಿದು ನನಗೆ ಕೊಟ್ಟರು.

ಒಳಗಿನದನ್ನು ಬರೆಯುವಂತಿಲ್ಲ. ಮಾಮಾ ಕುರ್ಚಿ ಹತ್ತಿದ ಮೇಲೆ, ಬೇರೆ ಲಾಡ್ಜಿನ ಶುಭಾಶಯ ಕೇಳಿದಾಗ ಅಜ್ಜಾರು ಎದ್ದರು ಎಂಬಷ್ಟು ಹೇಳಬಹುದು. ಎರಡೂ ಕೈ ಇಳಿಬಿಟ್ಟು, ಮೂಗೆಳೆಯದೆ, ಹುಬ್ಬೇರಿಸದೆ, ಎರಡೇ ವಾಕ್ಯ ಹೇಳಿ ಕೂತರು. ನನ್ನ ನಕಲಿನಲ್ಲಿ ಒಂದೂ ಸರಿ ಇರಲಿಲ್ಲ. ಉತ್ತರ ಹೇಳಲು ಹೊರಟ ಹೊಸ ಮಾಸ್ಟರೇ ಎಡಗೈ ಬೆನ್ನಿಗೆ ಕಟ್ಟಿ, ಮೂಗಿನಲ್ಲಿ ‘ಹ್ಞೂಂ’ ಎಂದು ಎಳೆದರು. ಎರಡು ವರ್ಷ ನಾನು ನಕಲು ಮಾಡುತ್ತಿದ್ದದ್ದು ಯಾರನ್ನೆಂದು ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಕುಷಾಯಿಗೂಡದ ನಮ್ಮ ಮನೆಯಲ್ಲಿ ಅಜ್ಜಾರು ರೊಟ್ಟಿ ಮುರಿಯುತ್ತಿದ್ದರು. ಎದುರಿಗೆ ಕೂತು ನಾನು ಮಾಮಾ ಹೇಳಿದಂತೆ ಪತ್ರ ಬರೆಯುತ್ತಿದ್ದೆ.

“ಏನು ಬರ್ಯಾಕತ್ತೀಯೋ?” ಎಂದರು ಅಜ್ಜಾರು.

“ನೀವು ಬಂದಿದ್ದಕ್ಕ ನಿಮ್ಮ ಲಾಡ್ಜಿಗೆ ಧನ್ಯವಾದ ರೀ. ಮ್ಯಾಲೆ ಹತ್ತಿ, ಇಳದು ಮುಟ್ಟಾಕ ಒಂದೂವರೆ ತಿಂಗಳು.”

“ಮುಟ್ಟಲಿ. ನಿನ್ನಿ ನೀ ನನ್ನ ಜೋಡಿ ಕುಂತಿದ್ದಿ ಅಂತನೂ ಅದರಾಗ ಬರಿ,” ಎಂದು ಶೇಂಗಾ ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು.