ಮಿಷನ್ ನಿಲ್ಲಿಸುವ ಪಂಕಜಾಕ್ಷಿ

ಆಲೂರು ತಾಲ್ಲೂಕಿನ ಮಗ್ಗೆಯ ಪುಟ್ಟ ಪ್ಲಾಸ್ಟಿಕ್ ಕಾರ್ಖಾನೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಳಗೆ ಪಂಕಜಾಕ್ಷಿ ಒಬ್ಬರೇ ಗೊಣಗುತ್ತಾ ಕತ್ತರಿ ಹುಡುಕುತ್ತಿದ್ದಾರೆ.

"ಕತ್ರಿ ಇಡಕ್ಕೆ ಹಳದಿ ಬಣ್ಣದಲ್ಲಿ ಗೆರೆ ಎಳ್ದವ್ರೆ, ಹೆಸ್ರೂ ಬರ್ದವ್ರೆ. ಎಲ್ಲಾ ಐತೆ, ಕತ್ರಿ ಒಂದಿಲ್ಲ."

ಕಾಫಿ ಸಸಿ ನೆಡುವ ಕಪ್ಪು ಚೀಲಗಳ ತಳ ಬೆಸೆಯುವ ಯಂತ್ರ ಇವರದು. ದಿನಕ್ಕೆ ಏಳೆಂಟು ಸಾವಿರ ಚೀಲ. ಬಿಸಿಗೆ ಬೆರಳ ತುದಿಗಳು ಒರಟಾಗಿವೆ. ಗಂಡ ಹುಚ್ಚಣ್ಣ ಕಾಫಿ ತೋಟದ ನೆರಳು ಮರ ಹತ್ತಿ ಕೊಂಬೆ ಸವರುವಾಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಎಸ್ಟೇಟಿನ ಕೂಲಿ ಲೈನ್ ಮನೆ ಬಿಟ್ಟು ಇಲ್ಲಿಗೆ ಬಂದವರು.

ಮಾಲೀಕ ಮೋಹನ್ ಎರಡು ವರ್ಷದ ಹಿಂದೆ, 2002ರಲ್ಲಿ, ಬೆಂಗಳೂರಿನ ತರಬೇತಿಗೆ ಹೋಗಿ 'ಲೀನ್' ಪದ್ಧತಿ ಕಲಿತು ಬಂದರು. ಏನೂ ಪೋಲಾಗಬಾರದು, ದಿನಾ ಒಂದಿಷ್ಟು ಸುಧಾರಿಸಬೇಕು, ತಪ್ಪು ಕಂಡರೆ ಯಾರು ಬೇಕಾದರೂ ಯಂತ್ರ ನಿಲ್ಲಿಸಬಹುದು. ಇದನ್ನೆಲ್ಲ ಗೋಡೆಯ ಮೇಲೂ ಬರೆಸಿದರು.

ಮರುವರ್ಷ ಹೆಗ್ಗದ್ದೆಯ ಎಸ್ಟೇಟೊಂದಕ್ಕೆ ಚೀಲ ಹೊರಡಬೇಕಿತ್ತು. ಎಳೆದು ನೋಡಿದರೆ ಕೆಲವು ತಳ ಬಿಚ್ಚುತ್ತಿದ್ದವು. ಪಂಕಜಾಕ್ಷಿ ಯಂತ್ರ ನಿಲ್ಲಿಸಿದರು. ಸೂಪರ್‌ವೈಸರ್ ರವಿ ಓಡಿ ಬಂದ.

"ಲಾರಿ ನಿಂತೈತೆ ಕಣಕ್ಕಾ. ಒಂದೆರಡು ಹೋದ್ರೆ ಹೋಗ್ಲಿ."

"ಗೋಡೆ ಮೇಲೆ ಬರ್ದಿರೋದು ಯಾರಿಗೆ ಮಾರಾಯ?" ಎಂದರು ಇವರು. ರವಿ ಮತ್ತೆ ಸ್ವಿಚ್ ಒತ್ತಿದ, ಚೀಲಗಳು ಲಾರಿ ಹತ್ತಿದವು.

ವಾರ ಕಳೆಯುವಷ್ಟರಲ್ಲಿ ಎಸ್ಟೇಟಿನಿಂದ ದೂರು ಬಂತು. ಬೈಗುಳ ಬಿದ್ದಿದ್ದು ಪಂಕಜಾಕ್ಷಿಗೆ. ಬದಲಿ ಚೀಲ ಹೊತ್ತ ಜೀಪಿನಲ್ಲಿ ಹಟ ಹಿಡಿದು ತಾವೂ ಹತ್ತಿದರು. ಅಲ್ಲಿನ ನರ್ಸರಿಯಲ್ಲಿ ತಳ ಬಿಚ್ಚಿದ ಚೀಲಗಳಿಂದ ಚೆಲ್ಲಿದ ಮಣ್ಣನ್ನು ಹೆಂಗಸರು ಬಾಚುತ್ತಿದ್ದರು. ಬೇರು ಕಿತ್ತ ಎಳೆ ಸಸಿಗಳು ಬಿಸಿಲಿಗೆ ಬಾಡಿದ್ದವು. ದ್ರಾಕ್ಷಾಯಣಿ ಎಂಬ ಕೂಲಿಯಾಕೆ ತಲೆ ಎತ್ತದೆ ಕೇಳಿದರು: "ಈ ಚೀಲ ಮಾಡಿದ್ದು ನೀವೇನಾ?"

"ಹೂಂ ಅಂದೆ. ಇನ್ನೇನ್ ಹೇಳ್ಲಿ? ಸಂಜೆ ತನಕ ಅವ್ರ ಜೊತೆ ಕೂತು ಮಣ್ಣು ತುಂಬ್ದೆ," ಎನ್ನುತ್ತಾರೆ.

ತಿಂಗಳೊಳಗೆ ಮತ್ತೆ ತಳ ಬಿಚ್ಚತೊಡಗಿತು. ಈ ಸಲ ಯಂತ್ರ ನಿಲ್ಲಿಸಿ, ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಮೋಹನ್ ಬಂದು ಕೂಗಾಡಿದರೂ ಅಲ್ಲಾಡಲಿಲ್ಲ. "ನನ್ನ ಕೆಲ್ಸದಿಂದ ತೆಗೀರಿ ಸಾರ್. ಆದ್ರೆ ಈ ಚೀಲ ಕಳ್ಸಬ್ಯಾಡಿ."

ಮೋಹನ್ ಗೋಡೆಯ ಮೇಲೆ ತಾವೇ ಬರೆಸಿದ್ದನ್ನು ನೋಡಿದರು. ಆಮೇಲೆ ರವಿಗೆ ಯಂತ್ರ ಬಿಚ್ಚಲು ಹೇಳಿದರು. ತಳ ಬೆಸೆಯುವ ಬಿಸಿ ಪಟ್ಟಿಗೆ, ಪ್ಲಾಸ್ಟಿಕ್ ಅಂಟದಂತೆ ಸುತ್ತಿದ ಬಟ್ಟೆ ಸವೆದು ತೂತಾಗಿದ್ದು ರವಿಯ ಕಣ್ಣಿಗೇ ಬಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಆ ಬಟ್ಟೆ ನೋಡಿಯೇ ಕೆಲಸ ಶುರು. ಆಮೇಲೆ ಹೆಗ್ಗದ್ದೆಯಿಂದ ದೂರು ಬಂದಿಲ್ಲ.

ಹಾಗೆಂದು ಪಂಕಜಾಕ್ಷಿಯ ಸಿಡಿಮಿಡಿ ತಗ್ಗಿಲ್ಲ. ವಾರಕ್ಕೊಂದು ಸುಧಾರಣಾ ಸಭೆ ನಡೆಯುತ್ತದೆ. ಇವರು ಎತ್ತುವ, ಮಳೆಗೆ ಸೋರುವ ಚಾವಣಿ ಶೀಟಿನ ಮಾತು ಪ್ರತಿ ಸಲವೂ ಮುಂದಕ್ಕೆ ಹೋಗುತ್ತದೆ.

ನಿಮಗೇನು ಬೇಕು ಎಂದರೆ ಯಂತ್ರದಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ನಾನು ನಿಲ್ಸಿದಾಗ, ಯಾಕ್ ನಿಲ್ಸ್ದೆ ಅಂತ ಬೈಯೋದ್ ಬಿಟ್ಟು, ಏನಾಯ್ತು ಅಂತ ಕೇಳ್ಲಿ ಕಣ್ರೀ. ಅಷ್ಟು ಸಾಕು."