ಬೂತಾಯಿಯ ಜಾಗ ಹೇಳಿದವಳು

ದಿನೇಶಣ್ಣ, ಬೂತಾಯಿ ಮೀನಿನ ಜಾಗವನ್ನು ಹೊರಗೆ ಹೇಳಿದ್ದು ನೀವಲ್ಲ, ನಾನು. ಕಾಪು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶೈಲಾ. ಹೇಳಿದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ — ಅದನ್ನು ಮೊದಲೇ ತಿಳಿಸಿಬಿಡುತ್ತೇನೆ. ನಾಚಿಕೆ ಬೇರೆಯದಕ್ಕೆ.

ನೀವಿದ್ದ ಭಾಸ್ಕರಣ್ಣನ ಬೋಟುಗಳು ಮೀನಿನ ಹಿಂಡು ಕಂಡ ಜಾಗವನ್ನು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದವು. ವಯರ್‌ಲೆಸ್‌ನಲ್ಲಿ ಹೇಳಿದರೆ ಕಡಲಿಗೆಲ್ಲ ಡಂಗುರ. ಫೋನಿನ ಗುಂಪಿಗೆ ಹಾಕಿದರೆ ಊರಿಗೆಲ್ಲ ಫಾರ್ವರ್ಡ್. ಅದಕ್ಕೇ ಭಾಸ್ಕರಣ್ಣ ಅಂಗಡಿಗೆ ಬಂದು, "ನಮ್ಮದೇ ಒಂದು ಮಾಡ್ಲಿಕ್ಕೆ ಆಗ್ತದಾ ಶೈಲಾ? ಬೇರೆಯವರ ಕಣ್ಣು ಬೀಳಬಾರ್ದು" ಎಂದರು. ಹಳೆಯ ಲ್ಯಾಪ್‌ಟಾಪೊಂದರ ಧೂಳು ಒರೆಸಿ, ಅದರಲ್ಲಿ ಚಾಟ್ ಸರ್ವರ್ ಕೂರಿಸಿ, ಅಂಗಡಿಯ ಅಟ್ಟದಲ್ಲಿಟ್ಟೆ. ಬೋಟಿನವರ ಫೋನಿಗೆಲ್ಲ ಆ್ಯಪ್ ಹಾಕಿ, ಸರ್ವರಿನ ವಿಳಾಸ ತುಂಬಿಸಿ, ಒಬ್ಬೊಬ್ಬರಿಗೂ ಹೆಸರು, ಪಾಸ್‌ವರ್ಡ್ ಕೊಟ್ಟೆ. ನಿಮ್ಮ ಫೋನಂತೂ ಕನೆಕ್ಟ್ ಆಗುವುದೇ ಇಲ್ಲವೆಂದು ಹಟ ಹಿಡಿದಿತ್ತು, ನೆನಪಿದೆಯಾ? ಮೆಸೇಜಿಗೆ ಬೀಗ ಹಾಕಿ ಕಳಿಸುವ ಸೌಲಭ್ಯವೂ ಇತ್ತು. ಹಾಕಿದರೆ ಹಳೆಯ ಫೋನುಗಳಲ್ಲಿ ತೆರೆಯುತ್ತಿರಲಿಲ್ಲ, ತೆಗೆದುಬಿಟ್ಟೆ. ಹಾಗಾಗಿ ನಿಮ್ಮೆಲ್ಲರ ಮಾತು ಅಟ್ಟದ ಮೇಲೆ ಬಿಚ್ಚಿಟ್ಟ ಹಾಗೆಯೇ ಇರುತ್ತಿತ್ತು. ಆದರೆ ಭಾಸ್ಕರಣ್ಣ ಕೇಳಿದಾಗ — "ನನಗೂ ಓದ್ಲಿಕ್ಕೆ ಆಗುದಿಲ್ಲ" ಎಂದೆ. ವ್ಯಾಪಾರದ ಮಾತು, ಬಾಯಿಗೆ ಬಂತು.

ಓದಿದೆ. ನನ್ನ ಅಣ್ಣನದು ನಾಡದೋಣಿ, ದಡದ ಹತ್ತಿರದ ಮೀನೇ ಅವನ ಅನ್ನ. ನಿಮ್ಮ ದೊಡ್ಡ ಬೋಟುಗಳು ಅಲ್ಲಿಗೂ ಬಂದು ಗುಡಿಸಿ ಗುಂಡಾಂತರ ಮಾಡಿ ಹೋಗುತ್ತಿದ್ದವು. ಅಣ್ಣ ಖಾಲಿ ಬಲೆ ಕೊಡವಿಕೊಂಡು ಬರುವುದನ್ನು ನೋಡಿ ನೋಡಿ ಸಾಕಾಗಿತ್ತು. ಕಡಲೇನು ಭಾಸ್ಕರಣ್ಣನ ಹಿತ್ತಿಲಾ? ಜಾಗ ಹೇಳಿದೆ. ಮತ್ತೆ ಮತ್ತೆ ಹೇಳಿದೆ. ಯಾರು ಏನು ಬೇಕಾದರೂ ಅನ್ನಲಿ.

ಹೋದಲ್ಲೆಲ್ಲ ಅಣ್ಣನ ದೋಣಿ ಮೊದಲೇ ಹಾಜರಿರುವುದು ಕಂಡು ಬೋಟಿನವರಿಗೆ ಸಂಶಯ ಬಂತು. ಭಜನಾ ಮಂದಿರದಲ್ಲಿ ಕೂಟ ಸೇರಿಸಿದರು. ಭಾಸ್ಕರಣ್ಣ ಎಲ್ಲರೆದುರು ನನ್ನನ್ನು ಕೇಳಿದರು: "ಆ ಸರ್ವರಿನಿಂದ ಮಾತು ಹೊರಗೆ ಹೋಗ್ಲಿಕ್ಕೆ ಉಂಟಾ?"

"ಇಲ್ಲ" ಎಂದೆ.

ಮತ್ತೆ ಉಳಿದದ್ದು ನೀವುಗಳು. ಒಬ್ಬೊಬ್ಬರಿಂದಲೂ ದೀಪ ಮುಟ್ಟಿಸಿ ಪ್ರಮಾಣ ಮಾಡಿಸಿದರು. ಸರ್ವರ್ ಕೂರಿಸಿದವಳು ಅದೇ ದೋಣಿಯವನ ತಂಗಿಯೆಂದು ಗೊತ್ತಿದ್ದರೂ, ಅವಳಿಂದಲೂ ಮಾಡಿಸಬೇಕೆಂದು ಒಬ್ಬನಿಗೂ ಹೊಳೆಯಲಿಲ್ಲ. ಕಡಲಿಗಿಳಿಯದ ಹೆಂಗಸಿಗೆ ಮೀನಿನ ಜಾಗ ಎಂತಕ್ಕೆ, ಅಲ್ವಾ? ನೀವು ಹಿಂದೆ ಅಣ್ಣನ ದೋಣಿಯಲ್ಲಿ ದುಡಿದವರು. ಅಷ್ಟೇ ಸಾಕಾಯಿತು. "ನಾನು ಹೇಳಿದ್ದಲ್ಲ" ಎಂದು ದೀಪ ಮುಟ್ಟಿದಿರಿ, ಯಾರೂ ನಂಬಲಿಲ್ಲ. ದೇವರೆದುರು ಸುಳ್ಳಾಡಿದವ ಹತ್ತಿದರೆ ಬಲೆಗೆ ಮೀನು ಬೀಳದು ಎಂದು ಮತ್ತೆ ಯಾವ ಬೋಟಿಗೂ ನಿಮ್ಮನ್ನು ಹತ್ತಿಸಲಿಲ್ಲ. ನಾನು ಕಂಬಕ್ಕೊರಗಿ ನಿಂತಿದ್ದೆ. ನೀವು ನನ್ನ ಕಡೆ ನೋಡಿದಿರಿ, ಇವಳಾದರೂ ಏನಾದರೂ ಹೇಳಿಯಾಳು ಎಂಬಂತೆ... ನಾನು ಫೋನು ನೋಡಿಕೊಂಡೆ. ಆಮೇಲೆ ಅಣ್ಣನ ಬಾಯಿಯನ್ನೂ ನಾನೇ ಮುಚ್ಚಿಸಿದೆ.

ಕಡಲು ಬಿಟ್ಟು ಬೇರೆ ಗೊತ್ತಿಲ್ಲದ ನೀವು ಇಷ್ಟು ವರ್ಷದಿಂದ ಬಜಗೋಳಿಯಲ್ಲಿ ಗೇರುಬೀಜದ ಮೂಟೆ ಹೊರುತ್ತಿದ್ದೀರಿ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಈ ಶನಿವಾರ ಭಜನೆಗೆ ಎಲ್ಲರೂ ಸೇರುತ್ತಾರೆ. ಎದ್ದು ನಿಂತು ಎಲ್ಲ ಹೇಳುತ್ತೇನೆ. ಮತ್ತೆ ನನ್ನ ಕೈಗೆ ಫೋನು ಕೊಡುವವರು ಯಾರೂ ಇರಲಿಕ್ಕಿಲ್ಲ, ಅಂಗಡಿ ಮುಚ್ಚಿದರೆ ಮುಚ್ಚಲಿ. ಅಣ್ಣನಿಗೆ ಜಾಗ ಹೇಳಿದ್ದಕ್ಕೆ ತಪ್ಪುಕಾಣಿಕೆ ಹಾಕು ಎಂದರೆ ಹಾಕುವುದಿಲ್ಲ, ಊರೇ ಎದುರು ನಿಂತರೂ ಹಾಕುವುದಿಲ್ಲ. ನಿಮ್ಮದು ಬೇರೆ. ಅದಕ್ಕೆ ಎಷ್ಟು ಹಾಕಿದರೂ ತೀರದು, ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ. ನಿಮ್ಮ ಹೆಂಡತಿ ಮಕ್ಕಳಿಗೆ ಇಷ್ಟು ಮಾತ್ರ ಓದಿ ಹೇಳಿ, ದಿನೇಶಣ್ಣ: ಅವತ್ತು ಆ ಮಂದಿರದಲ್ಲಿ ಸುಳ್ಳು ಹೇಳಿದ್ದು ಒಬ್ಬಳೇ, ಅವಳನ್ನು ಎಲ್ಲರೂ ನಂಬಿದರು.